ಒಂದು ಮಾಡಿನ ಪಾಠಾಂತರ

ಕನ್ನಡದ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೂ ಮರಗೆಲಸಕ್ಕೂ ಯಾವ ನಂಟು ಎಂದು ಓದುಗರು ಕೇಳಬಹುದು. ಯಾವ ನಂಟೂ ಇಲ್ಲವೆಂದೇ ನಾನೂ ಬಹುಕಾಲ ನಂಬಿದ್ದೆ. ೨೦೧೯ರ ಆಗಸ್ಟಿನಲ್ಲಿ ಮಲೆನಾಡಿನ ಮೇಲೆ ಸುರಿದ ಮಳೆಯು ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಮನೆಯ ಪಡುವಣ ಮಾಡಿನೊಡನೆ ನನ್ನ ಆ ನಂಬಿಕೆಯನ್ನೂ ಮುರಿದು ಹಾಕಿತು.

ಹಿತ್ತಿಲಿನ ಹಲಸಿನ ಮರ ಬುಡಮೇಲಾಗಿ ಮಾಡಿನ ಮೂಲೆಯ ಮೇಲೆ ಒರಗಿತ್ತು. ಅಮ್ಮ ಮದುವೆಯಾಗಿ ಆ ಮನೆಗೆ ಬಂದ ವರ್ಷ ಅಜ್ಜ ನೆಟ್ಟ ಮರವದು. ಪಕಾಸುಗಳು ಮುರಿದು, ಹೆಂಚು ಪುಡಿಯಾಗಿ, ಅಮ್ಮ ಮಲಗುತ್ತಿದ್ದ ಕೋಣೆಯೊಳಕ್ಕೆ ಆಕಾಶ ಇಣುಕಿತು. ತಗಡು ಹೊದಿಸಿ ಆ ಮಳೆಗಾಲವನ್ನು ಹೇಗೋ ಕಳೆದೆವು. ಅಣ್ಣನ ಮಾತು ಸ್ಪಷ್ಟವಾಗಿತ್ತು: “ಈ ಕಾಲದಲ್ಲಿ ಮರದ ಮಾಡು ಯಾರಿಗೆ ಪೂರೈಸುತ್ತದೆ? ಆ ಭಾಗವನ್ನು ಕೆಡವಿ ತಾರಸಿ ಹಾಕೋಣ.” ಗುತ್ತಿಗೆಯವನೊಬ್ಬ ಬಂದು ಕತ್ತೆತ್ತಿ ನೋಡಿ, ಎಪ್ಪತ್ತು ಘನ ಅಡಿ ಮರವಾದರೂ ಬೇಕು ಎಂದು ಕಣ್ಣಳತೆಯಲ್ಲೇ ಹೇಳಿ ಹೋಗಿದ್ದ. ಅಮ್ಮ ವಾದಿಸಲಿಲ್ಲ. “ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ” ಎಂದಷ್ಟೇ ಹೇಳಿದರು. ಕೊನೆಗೆ ಅಣ್ಣ ಒಂದು ಷರತ್ತು ಹಾಕಿದ: ಎಷ್ಟು ಮರ ಬೇಕೆಂಬುದನ್ನು ಊಹೆಯಿಂದಲ್ಲ, ಲೆಕ್ಕದಿಂದ ತೋರಿಸಬೇಕು, ಅದು ಕೈಗೆಟುಕುವಂತಿದ್ದರೆ ಮರದ ಮಾಡು, ಇಲ್ಲವಾದರೆ ತಾರಸಿ.

೨೦೨೦ರಲ್ಲಿ ಊರುಗಳೆಲ್ಲ ಬಾಗಿಲು ಹಾಕಿಕೊಂಡಾಗ ವಾಸ್ತುಶಿಲ್ಪದ ವಿದ್ಯಾರ್ಥಿಯಾಗಿದ್ದ ನನ್ನ ಅಕ್ಕನ ಮಗ ತನ್ನ ಗಣಕಯಂತ್ರದೊಡನೆ ನಮ್ಮಲ್ಲಿಗೆ ಬಂದು ನೆಲೆಸಿದ. “ಮಾವ, ಅಳತೆ ಕೊಡಿ. ಮಾಡನ್ನು ನಾನು ಪರದೆಯ ಮೇಲೆ ಕಟ್ಟಿ ತೋರಿಸುತ್ತೇನೆ, ಯಾವ ತುಂಡು ಎಷ್ಟುದ್ದ ಕೊಯ್ಯಬೇಕೆಂಬ ಪಟ್ಟಿಯೂ ಅದರಿಂದಲೇ ಹೊರಡುತ್ತದೆ” ಎಂದ. ಅವನು ಬಳಸಿದ್ದು ಸ್ಕೆಚ್‌ಅಪ್ ಎಂಬ ತಂತ್ರಾಂಶ. ಅದು ಮೊದಲು ಹೊರಬಂದುದು ೨೦೦೦ದಲ್ಲಿ. ಆದರೆ ಅದರ ಹಿಂದಿನ ಆಲೋಚನೆ ಇನ್ನೂ ಹಳೆಯದು. ೧೯೬೩ರಲ್ಲಿ ಇವಾನ್ ಸದರ್ಲೆಂಡ್ ಎಂಬ ಸಂಶೋಧಕರು ಅಮೆರಿಕದ ಎಂಐಟಿಗೆ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ರೂಪಿಸಿದ್ದರು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಚಿತ್ರ ಬರೆಯುವುದು, ಒಂದು ಮೂಲಚಿತ್ರದಿಂದ ಹಲವು ಪ್ರತಿಗಳನ್ನು ಮಾಡುವುದು, ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲ ತಾವಾಗಿಯೇ ತಿದ್ದಿಕೊಳ್ಳುವುದು — ಇವೆಲ್ಲ ಅಂದೇ ಅದರಲ್ಲಿದ್ದವು. ಹಸ್ತಪ್ರತಿಗಳೊಡನೆ ಹೆಣಗುವ ನಮ್ಮಂಥವರಿಗೆ ಇದು ಅಸೂಯೆ ಹುಟ್ಟಿಸುವ ಸಂಗತಿಯಲ್ಲವೆ? ನಮ್ಮ ಪ್ರತಿಕಾರರಲ್ಲಿ ಒಬ್ಬನ ತಪ್ಪನ್ನು ತಿದ್ದಿದರೆ ಉಳಿದವರ ತಪ್ಪು ಹಾಗೆಯೇ ಉಳಿಯುತ್ತದೆ.

ನಾನು ಅಳತೆಗೆ ಹೊರಟೆ. ಕೋಣೆಯ ಉದ್ದ ೩೦ ಅಡಿ, ಅಗಲ ೧೬ ಅಡಿ; ಎದುರು ಬದುರಿನ ಗೋಡೆಗಳೂ ಅಷ್ಟಷ್ಟೇ. ಒಂದು ತುದಿ ಮುಖ್ಯ ಮನೆಗೆ ಕೂಡಿಕೊಂಡಿದೆ. ಇನ್ನೊಂದು ತುದಿಯಲ್ಲಿ ಮಾಡು ಮೂರು ಕಡೆಗೂ ಇಳಿದಿದೆ. ಗೋಡೆಯಿಂದ ನಡುವಿನ ನೆತ್ತಿಯವರೆಗೆ ಅಡ್ಡಳತೆ ೮ ಅಡಿ, ಎತ್ತರ ೬ ಅಡಿ. ಹಾಗಾದರೆ ಓರೆಯ ಉದ್ದ ೧೦ ಅಡಿ. ಬೌಧಾಯನನ ಶುಲ್ಬಸೂತ್ರದ ಕಾಲದಿಂದಲೂ ತಿಳಿದ ಲೆಕ್ಕವಿದು. ಸೂರು ಗೋಡೆಯಿಂದ ೨ ಅಡಿ ಹೊರಚಾಚಬೇಕಾದುದರಿಂದ ಪ್ರತಿ ಪಕಾಸೂ ಹನ್ನೆರಡೂವರೆ ಅಡಿ. ಮೂಲೆಯಿಂದ ನೆತ್ತಿಗೆ ಏರುವ ಮೂಲೆಯ ಪಕಾಸಿನ ಲೆಕ್ಕವೂ ಹೀಗೆಯೇ. ಸೂರಿನ ತುದಿಯಿಂದ ಅಡ್ಡಕ್ಕೆ ೧೦ ಅಡಿ, ಉದ್ದಕ್ಕೆ ೧೦ ಅಡಿ, ಮೇಲಕ್ಕೆ ಏಳೂವರೆ ಅಡಿ. ಮೂರನ್ನೂ ಸೇರಿಸಿ ಓರೆ ತೆಗೆದರೆ ಸರಿಸುಮಾರು ೧೬ ಅಡಿ.

ಇಲ್ಲಿ ಒಂದು ವಿಷಯವನ್ನು ಹೇಳಬೇಕು. ಮನೆ ಕಟ್ಟಿಸಿದಾಗ ಅಜ್ಜ ಬರೆದಿಟ್ಟ ಲೆಕ್ಕದ ಪುಸ್ತಕ ನಮ್ಮ ಅಟ್ಟದ ಮೇಲಿತ್ತು. ಅದರಲ್ಲಿ ಮರದ ಪಟ್ಟಿಯೂ ಇತ್ತು. ಪಕಾಸಿನ ಸಂಖ್ಯೆ, ಉದ್ದ, ಎಲ್ಲವೂ ನನ್ನ ಲೆಕ್ಕಕ್ಕೆ ಒಪ್ಪಿದವು. ಆದರೆ ಮೂಲೆಯ ಪಕಾಸು ಎಂಬಲ್ಲಿ ಎರಡು ಬೇರೆ ಬೇರೆ ಅಳತೆಗಳಿದ್ದವು: ಒಂದು ೧೬ ಅಡಿ ೨ ಅಂಗುಲ, ಇನ್ನೊಂದು ೧೫ ಅಡಿ ೧೦ ಅಂಗುಲ. ನಾನು ಮುಗುಳ್ನಕ್ಕೆ. ಎರಡು ಮೂಲೆಗಳೂ ಒಂದೇ ಬಗೆಯವಾಗಿರುವಾಗ ಪಕಾಸು ಬೇರೆಯಾಗುವುದೆಂತು? ಬರೆಯುವಾಗ ಅಜ್ಜನ ಕೈ ತಪ್ಪಿರಬೇಕು. ಎರಡನ್ನೂ ೧೬ ಎಂದು ತಿದ್ದಿ ಹುಡುಗನಿಗೆ ಕೊಟ್ಟೆ.

ಪರದೆಯ ಮೇಲೆ ಮಾಡು ಎದ್ದ ಬಗೆ ನೋಡಲು ಚೆನ್ನಾಗಿತ್ತು. ಪ್ರತಿಯೊಂದು ಮರವನ್ನೂ ಬೇರೆ ಬೇರೆ ಘಟಕವಾಗಿ ಮಾಡಿ ಹೆಸರಿಡಬೇಕು; ಬರಿಯ ಗೆರೆಗಳ ರಾಶಿಯಿಂದ ಪಟ್ಟಿ ಹುಟ್ಟುವುದಿಲ್ಲ. ಆದರೂ ಮೊದಲ ಪಟ್ಟಿಯನ್ನು ಕಂಡು ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಮೂಲೆಯ ಪಕಾಸು ಒಂದರ ಅಳತೆ ೧೦ ಅಡಿ ಉದ್ದ, ೧೦ ಅಡಿ ಅಗಲ, ಏಳೂವರೆ ಅಡಿ ದಪ್ಪವೆಂದು ಅದರಲ್ಲಿ ಬಂದಿತ್ತು! ಏಳುನೂರೈವತ್ತು ಘನ ಅಡಿಯ ಒಂದೇ ತುಂಡು. ಕಾರಣ ಸರಳ. ಯಂತ್ರವು ಪ್ರತಿ ಘಟಕವನ್ನೂ ಒಂದು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಯನ್ನು ಅಳೆಯುತ್ತದೆ. ಓರೆಯಾಗಿ ಮಲಗಿದ ಮರಕ್ಕೆ ಮನೆಯ ದಿಕ್ಕುಗಳನ್ನೇ ಆಧಾರವಾಗಿ ಕೊಟ್ಟರೆ ಪೆಟ್ಟಿಗೆ ಕೋಣೆಯಷ್ಟಾಗುತ್ತದೆ. ಮರದ ಉದ್ದಕ್ಕೇ ಹೊಂದುವ ದಿಕ್ಕನ್ನು ಪ್ರತಿಯೊಂದಕ್ಕೂ ಗೊತ್ತುಪಡಿಸಬೇಕು. ಹಾಗೆ ಮಾಡಿದ ಮೇಲೆ ಅದೇ ತುಂಡು ೬ ಅಂಗುಲ, ೪ ಅಂಗುಲ, ೧೬ ಅಡಿಯಾಯಿತು. ಮೂರು ಘನ ಅಡಿಯೂ ಇಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಅಂದು ಕಲಿತೆ. ಮರ ಮರ ಕೂಡುವಲ್ಲಿ ಒಂದರ ತುದಿಯ ನಾಲಿಗೆ ಇನ್ನೊಂದರ ಕುಳಿಯೊಳಗೆ ಅಡಗುತ್ತದೆ. ಕಣ್ಣಿಗೆ ಕಾಣುವ ಉದ್ದಕ್ಕಿಂತ ಕೊಯ್ಯಬೇಕಾದ ಉದ್ದ ಹೆಚ್ಚು. ಮಯಮತ, ಮಾನಸಾರಗಳೆಂಬ ಸಂಸ್ಕೃತ ಶಿಲ್ಪಗ್ರಂಥಗಳಲ್ಲಿ ಮರದ ಜೋಡಣೆಗೆಂದೇ ಮೀಸಲಾದ ಅಧ್ಯಾಯಕ್ಕೆ ‘ಸಂಧಿಕರ್ಮ’ವೆಂದು ಹೆಸರು. ವ್ಯಾಕರಣದ ಸಂಧಿಯನ್ನು ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಆ ಹೆಸರಿನ ಔಚಿತ್ಯ ಅಂದು ಹೊಳೆಯಿತು. ‘ಮಾತು’, ‘ಇಲ್ಲ’ ಎರಡೂ ಸೇರಿ ‘ಮಾತಿಲ್ಲ’ವಾದಾಗ ಒಂದು ಸ್ವರ ಕಾಣದಂತಾಗುತ್ತದೆ. ಕೇಳಿದ ಮಾತಿನಿಂದ ಮೂಲಪದವನ್ನು ಬಿಡಿಸುವವನು ಅಡಗಿದ ಸ್ವರವನ್ನು ಮರೆಯಬಾರದಷ್ಟೆ. ಪಟ್ಟಿ ಬರೆಯುವವನೂ ಅಡಗಿದ ನಾಲಿಗೆಯನ್ನು ಮರೆಯಬಾರದು. ಗರಗಸವು ಪ್ರತಿ ಸೀಳಿನಲ್ಲಿ ತಿನ್ನುವ ಅಂಗುಲದ ಎಂಟನೆಯ ಒಂದು ಪಾಲನ್ನೂ ಮರೆಯಬಾರದು.

ಪಟ್ಟಿ ಸಿದ್ಧವಾಯಿತು. ಪೂರ್ಣ ಉದ್ದದ ಪಕಾಸು ೨೫. ಮೂಲೆಯ ಪಕಾಸಿಗೆ ಬಂದು ಒರಗುವ ಗಿಡ್ಡ ಪಕಾಸುಗಳು ೧೬: ಹತ್ತು ಅಡಿ, ಏಳೂವರೆ ಅಡಿ, ಐದು ಅಡಿ, ಎರಡೂವರೆ ಅಡಿ, ಒಂದೊಂದು ಅಳತೆಯವು ನಾಲ್ಕು ನಾಲ್ಕು. ನಾಲ್ಕು ಅಂಗುಲಕ್ಕೆ ಮೂರು ಅಂಗುಲದ ಮರವೆಂದರೆ ಒಟ್ಟು ೩೪ ಘನ ಅಡಿಗಿಂತ ಕೊಂಚ ಹೆಚ್ಚು. ಗುತ್ತಿಗೆಯವನ ಎಪ್ಪತ್ತು ಅಲ್ಲಿಗೇ ಅರ್ಧವಾಯಿತು. ನೆತ್ತಿಯ ತೊಲೆ ಗಟ್ಟಿಯಾಗಿಯೇ ಇತ್ತು. ಮುಂದಿನ ಸಾಹಸ ಹಳೆಯ ಪಕಾಸುಗಳದು. ಅವನ್ನು ಇಳಿಸಿ ಒಂದೊಂದನ್ನೂ ಬಡಿದು ನೋಡಿದೆವು. ಒಂಬತ್ತು ಪೂರ್ಣವಾಗಿ ಗಟ್ಟಿ. ಹತ್ತರಲ್ಲಿ ಸೂರಿನ ಕಡೆಯ ತುದಿ ಮಾತ್ರ ನೀರು ಕುಡಿದು ಕೊಳೆತಿತ್ತು. ಕೊಳೆತುದನ್ನು ಕಡಿದರೆ ಹತ್ತು ಅಡಿಗೆ ಮೇಲೆ ನಾಲ್ಕೈದು ಅಂಗುಲ ಒಳ್ಳೆಯ ಮರ. ಉಳಿದ ಆರು ಒಲೆಗೆ. ಹುಡುಗ ಆ ಹತ್ತನ್ನು ಯಂತ್ರದ ಮುಂದಿಟ್ಟ. ನಾಲ್ಕು ಹಾಗೆಯೇ ಹತ್ತು ಅಡಿಯವಾದವು, ನಾಲ್ಕರಿಂದ ಏಳೂವರೆ ಮತ್ತು ಎರಡೂವರೆ, ಎರಡರಿಂದ ಐದೈದು. ಗಿಡ್ಡ ಪಕಾಸು ಹದಿನಾರೂ ಹಳೆಯ ಮರದಲ್ಲೇ ಮುಗಿದವು! ಕೊಳ್ಳಬೇಕಾದುದು ಪೂರ್ಣ ಉದ್ದದ ಹದಿನಾರು ಮಾತ್ರ. ಹದಿನೇಳು ಘನ ಅಡಿಗೂ ಕಡಿಮೆ. ಅಣ್ಣ ಪಟ್ಟಿಯನ್ನು ಎರಡು ಸಲ ಓದಿ, “ಸರಿ, ಮರದ ಮಾಡೇ ಆಗಲಿ” ಎಂದ. ಅಮ್ಮ ಒಳಗೆ ಹೋಗಿ ಕಾಫಿ ಮಾಡಿ ತಂದರು.

ಮೂಲೆಯ ಪಕಾಸು ಎರಡಕ್ಕೆ ಬಿದ್ದ ಹಲಸೇ ಇತ್ತು. ಹೊರಗಿನ ಬಿಳಿಯ ಮರ ಕಳೆದು ಒಳಗಿನ ಹಳದಿಯ ಕೆಚ್ಚು ಸಿಕ್ಕಿದುದು ಹದಿನಾರೂವರೆ ಅಡಿ. ಮರದ ತಿರುಳಿಗೂ ಮನುಷ್ಯನ ಧೈರ್ಯಕ್ಕೂ ಕನ್ನಡವು ಕೆಚ್ಚು ಎಂಬ ಒಂದೇ ಮಾತನ್ನು ಇಟ್ಟುಕೊಂಡಿದೆ. ಕೆಚ್ಚೆದೆಯೆಂಬುದು ಅದರಿಂದಲೇ ಬಂದುದು. ಅಷ್ಟುದ್ದದ ಇನ್ನೊಂದು ಮರ ನಮ್ಮಲ್ಲಿರಲಿಲ್ಲ. ಸೀಳಿಸಿ, ನೆರಳಿನಲ್ಲಿ ಅಟ್ಟಿ ಹಾಕಿ, ಒಂದು ವರ್ಷಕ್ಕೂ ಮಿಕ್ಕಿ ಒಣಗಿಸಿದೆವು.

೨೦೨೧ರ ಜನವರಿಯಲ್ಲಿ ಆಚಾರ್ರು ಬಂದರು. ಅಜ್ಜನ ಕಾಲದಲ್ಲಿ ಈ ಮಾಡನ್ನು ಕಟ್ಟಿದವರು ಅವರ ತಂದೆಯೇ. ನಾನು ಪಟ್ಟಿಯನ್ನು ಹೆಮ್ಮೆಯಿಂದ ಅವರ ಕೈಗಿತ್ತು, “ಆಚಾರ್ರೇ, ಮೂಲೆಯ ಪಕಾಸು ಎರಡೂ ೧೬ ಅಡಿ. ಇಂದೇ ಕೊಯ್ದುಬಿಡಿ” ಎಂದೆ. ಅವರು ಪಟ್ಟಿಯನ್ನು ದೂರ ಹಿಡಿದು ಓದಿದರು. “ಲೆಕ್ಕ ಚೆನ್ನಾಗಿದೆ ಮೇಷ್ಟ್ರೇ. ಮೂಲೆಯಿಂದ ಮೂಲೆಗೆ ದಾರ ಹಿಡಿದಿದ್ದೀರಾ?” ಎಂದು ಕೇಳಿದರು. ಹಿಡಿದಿರಲಿಲ್ಲ. ನಾಲ್ಕು ಗೋಡೆ ಅಳೆದ ಮೇಲೆ ಮತ್ತೇನು ಉಳಿಯಿತು?

ಹುಡುಗ ದಾರದ ಒಂದು ತುದಿ ಹಿಡಿದ, ಆಚಾರ್ರು ಇನ್ನೊಂದು. ೩೦ಕ್ಕೆ ೧೬ರ ಕೋಣೆಯ ಮೂಲೆಗಳು ಸರಿಯಿದ್ದರೆ ಎರಡು ಕರ್ಣಗಳೂ ೩೪ ಅಡಿಯೇ ಇರಬೇಕು. ಒಂದು ೩೪ ಅಡಿ ೪ ಅಂಗುಲ ಬಂದಿತು. ಇನ್ನೊಂದು ೩೩ ಅಡಿ ೮ ಅಂಗುಲ. ಕೋಣೆಯು ಎಳೆದ ಚಾಪೆಯಂತೆ ಓರೆಯಾಗಿತ್ತು. ಬದಿಗಳು ನಾಲ್ಕೂ ಸರಿ, ಮೂಲೆ ಒಂದೂ ಸರಿಯಿಲ್ಲ! “ಹಿಂದೆ ಬಂಡೆ ಇದೆಯಲ್ಲ, ತಳಪಾಯ ಅದನ್ನು ತಪ್ಪಿಸಿಕೊಂಡು ಬಂದಿದೆ. ನಮ್ಮಪ್ಪ ಹೇಳುತ್ತಿದ್ದರು” ಎಂದರು ಆಚಾರ್ರು. ಹುಡುಗ ಗಣಕಯಂತ್ರದಲ್ಲಿ ಮೂಲೆಗಳನ್ನು ಸರಿಸಿದ. ಪಟ್ಟಿ ತಾನಾಗಿಯೇ ಬದಲಾಯಿತು. ಮೂಲೆಯ ಪಕಾಸುಗಳು ಈಗ ಹೀಗೆ ಬಂದವು: ಒಂದು ೧೬ ಅಡಿ ೨ ಅಂಗುಲ, ಇನ್ನೊಂದು ೧೫ ಅಡಿ ೧೦ ಅಂಗುಲ.

ನನ್ನ ಮುಖ ಹೇಗಾಗಿತ್ತೋ ಹುಡುಗನೇ ಹೇಳಬೇಕು. ಅಜ್ಜನ ಪುಸ್ತಕದಲ್ಲಿದ್ದ ಅಳತೆಗಳು ಅವೇ. ಗ್ರಂಥಸಂಪಾದನೆಯ ಪಾಠ ಮಾಡುವಾಗ ನಾನು ವರ್ಷವರ್ಷವೂ ಎಚ್ಚರಿಸುತ್ತೇನೆ: ಅರ್ಥವಾಗದ ಪಾಠವನ್ನು ಸುಲಭವಾದುದಕ್ಕೆ ತಿದ್ದಬೇಡಿ, ಕಠಿನವಾದ ಪಾಠವೇ ಮೂಲವಿರಬಹುದು, ಪ್ರತಿಕಾರನು ದಡ್ಡನೆಂದು ತಿಳಿಯುವ ಮೊದಲು ನೀವೆಷ್ಟು ಬಲ್ಲಿರೆಂದು ಕೇಳಿಕೊಳ್ಳಿ. ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ನಾನು ಮಾತ್ರ ನನ್ನ ಅಜ್ಜನ ಕೈಬರಹದ ಮುಂದೆ ಅದನ್ನು ಮರೆತಿದ್ದೆ. ಅಂದು ೧೬ ಅಡಿಗೆ ಕೊಯ್ದಿದ್ದರೆ ಎರಡು ಅಂಗುಲದ ಕೊರತೆಗೆ ಅಮ್ಮನ ಹಲಸು ವ್ಯರ್ಥವಾಗುತ್ತಿತ್ತು. ಅಣ್ಣನ ತಾರಸಿಗೆ ಎದುರಾಗಿ ಹೇಳಲು ನನ್ನಲ್ಲಿ ಮಾತೂ ಉಳಿಯುತ್ತಿರಲಿಲ್ಲ.

ಯಂತ್ರದ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅದು ನಾನು ಹೇಳಿದ ಮನೆಯನ್ನು ಕಟ್ಟಿತು. ಅಜ್ಜ ಕಟ್ಟಿಸಿದ ಮನೆಯನ್ನು ನಾನು ಅದಕ್ಕೆ ಹೇಳಿರಲಿಲ್ಲ. ನಿಜವನ್ನು ಹೇಳಿದ ಕೂಡಲೇ ಆಚಾರ್ರ ತಂದೆಯ ಅಳತೆಯನ್ನೇ ಅದು ಅಂಗುಲ ತಪ್ಪದೆ ಹೇಳಿತು. ಹೊಸ ಪಟ್ಟಿ ಕೈಗೆ ಬಂದಮೇಲೂ ಆಚಾರ್ರು ಮರವನ್ನು ಪೂರ್ಣ ಉದ್ದದಲ್ಲೇ ಮೇಲೇರಿಸಿ, ಕೂರಿಸಿ ನೋಡಿ, ಆಮೇಲೆಯೇ ಹೆಚ್ಚಿನದನ್ನು ಕೊಯ್ದರು. “ಪಟ್ಟಿ ನೋಡಿ ಮರ ತರಬೇಕು, ಮನೆ ನೋಡಿ ಕೊಯ್ಯಬೇಕು” ಎಂಬುದು ಅವರ ಮಾತು. ಹುಡುಗ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ.

ಆ ವರ್ಷದ ಮಳೆ ಹೊಸ ಮಾಡಿನ ಮೇಲೆ ಬಿದ್ದಿತು. ಮೊದಲ ರಾತ್ರಿ ನಾನು ಎಚ್ಚರವಾಗಿದ್ದು ಮೂಲೆಯಲ್ಲಿ ಎಲ್ಲಿಯಾದರೂ ಹನಿಯುತ್ತದೆಯೋ ಎಂದು ದೀಪ ಹಿಡಿದು ನೋಡಿದೆ. ಎಲ್ಲಿಯೂ ಹನಿಯಲಿಲ್ಲ. ಅಮ್ಮ ನಿದ್ದೆ ಹೋಗಿದ್ದರು. ಹುಡುಗನ ಪಟ್ಟಿಯನ್ನು ಅಚ್ಚು ಹಾಕಿಸಿ ಅಜ್ಜನ ಪುಸ್ತಕದೊಳಗೆ ಆ ಪುಟದಲ್ಲಿಯೇ ಇಟ್ಟಿದ್ದೇನೆ. ನಾನು ತಿದ್ದಿದ್ದ ೧೬ ಎಂಬ ಅಂಕಿಯನ್ನು ಅಳಿಸಿಲ್ಲ. ಪಾಠಾಂತರಗಳನ್ನು ಅಡಿಯಲ್ಲಿ ತೋರಿಸುವುದು ಸಂಪಾದಕನ ಧರ್ಮ; ತನ್ನ ತಪ್ಪಾದರೂ ಸರಿಯೆ.