ಸಿಡಿದ ಟೈರಿನ ಸಾಕ್ಷ್ಯ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯು ಪೀಣ್ಯದ ಕೈಗಾರಿಕಾ ಪ್ರದೇಶವನ್ನು ಒತ್ತಿಕೊಂಡು ಟಿ. ದಾಸರಹಳ್ಳಿಯನ್ನು ಹಾದುಹೋಗುತ್ತದೆ. ಹುಬ್ಬಳ್ಳಿ, ಪುಣೆ, ಮುಂಬಯಿಗಳ ಕಡೆಗೆ ಸರಕು ಹೊತ್ತ ಲಾರಿಗಳಿಗೆ ಇದೇ ದಾರಿ. ಇಂತಹ ರಸ್ತೆಯ ಅಂಚಿನಲ್ಲಿ ಕಪ್ಪನೆಯ ಉದ್ದನೆಯ ಪಟ್ಟಿಗಳು, ಹಾವು ಬಿಟ್ಟುಹೋದ ಪೊರೆಯಂತೆ, ಬಿದ್ದಿರುವುದನ್ನು ನಮ್ಮಲ್ಲಿ ಹಲವರು ಕಂಡಿರುತ್ತೇವೆ. ಅವು ಓಡುತ್ತಿದ್ದ ಟೈರಿನಿಂದ ಕಿತ್ತುಬಂದ ರಬ್ಬರು. ಏಕೆ ಕಿತ್ತುಬಂದಿತೆಂದು ಕೇಳಿದರೆ ಉತ್ತರಗಳಿಗೆ ಬರಗಾಲವಿಲ್ಲ. ಬಿಸಿಲಿಗೆ ಸಿಡಿಯಿತು ಎನ್ನುವರು. ಮೊಳೆ ಚುಚ್ಚಿರಬೇಕು ಎನ್ನುವರು. ಭಾರ ಹೆಚ್ಚಾಯಿತು, ಡ್ರೈವರು ಗಾಳಿ ನೋಡಿಕೊಳ್ಳಲಿಲ್ಲ ಎನ್ನುವರು. ಇವೆಲ್ಲವೂ ನಿಜವಾಗಿರಬಹುದು. ಆದರೆ ಇನ್ನೊಂದು ಕಾರಣವೂ ಉಂಟು: ಆ ಟೈರು ಕಾರ್ಖಾನೆಯಿಂದ ಹೊರಬಿದ್ದ ದಿನವೇ ದೋಷಯುಕ್ತವಾಗಿದ್ದಿರಬಹುದು. ಅದನ್ನು ತಿಳಿಯುವುದು ಹೇಗೆ, ತಿಳಿದ ಮೇಲೆ ಅದೇ ಬಗೆಯ ಟೈರುಗಳನ್ನು ರಸ್ತೆಯಿಂದ ಹಿಂದಕ್ಕೆ ಕರೆಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಟೈರೆಂದರೆ ರಬ್ಬರಿನ ಬಳೆ ಎಂಬುದು ಸಾಮಾನ್ಯ ಭಾವನೆ. ವಾಸ್ತವವಾಗಿ ಅದು ಅನೇಕ ಪದರಗಳನ್ನು ಒಂದರ ಮೇಲೊಂದು ಕೂಡಿಸಿ, ಅಚ್ಚಿನಲ್ಲಿಟ್ಟು ಬೇಯಿಸಿದ ಕಟ್ಟಡ. ಗಾಲಿಯ ಅಂಚನ್ನು ಬಿಗಿಯಾಗಿ ಹಿಡಿಯಲು ಎರಡು ಬದಿಗಳಲ್ಲಿಯೂ ಉಕ್ಕಿನ ತಂತಿಯ ಬಳೆಗಳಿರುತ್ತವೆ. ಒಂದು ಬಳೆಯಿಂದ ಇನ್ನೊಂದಕ್ಕೆ ನೂಲಿನ ಹೊದಿಕೆ ಅಡ್ಡಲಾಗಿ ಹಾಯುತ್ತದೆ. ಅದರ ಮೇಲೆ ನಡುಕಟ್ಟಿನಂತೆ ಸುತ್ತಿದ ಎರಡು ಉಕ್ಕಿನ ಪಟ್ಟಿಗಳು. ಎಲ್ಲಕ್ಕೂ ಮೇಲೆ, ನೆಲಕ್ಕೆ ತಗಲುವ ಗೀರುಗಳುಳ್ಳ ರಬ್ಬರಿನ ಮೇಲ್ಪಟ್ಟಿ. ಇದಕ್ಕೆ ಟ್ರೆಡ್ ಎಂದು ಹೆಸರು. ಈ ರಚನೆಗೆ ರೇಡಿಯಲ್ ಟೈರು ಎನ್ನುವರು. ಫ್ರಾನ್ಸಿನ ಮಿಷೆಲಿನ್ ಸಂಸ್ಥೆ ೧೯೪೬ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆಯಿತು.

ಉಕ್ಕಿಗೂ ರಬ್ಬರಿಗೂ ಸಹಜವಾದ ಸ್ನೇಹವಿಲ್ಲ. ಆದುದರಿಂದ ತಂತಿಯ ಮೇಲೆ ಹಿತ್ತಾಳೆಯ ತೆಳುವಾದ ಲೇಪವನ್ನು ಕೊಡುತ್ತಾರೆ. ನಮ್ಮ ಮನೆಯ ತಂಬಿಗೆ ಕೊಳಗಗಳ ಹಿತ್ತಾಳೆಯೇ ಅದು. ರಬ್ಬರನ್ನು ಗಟ್ಟಿಗೊಳಿಸಲು ಬೆರೆಸಿದ ಗಂಧಕವು ಬೇಯುವಾಗ ಹಿತ್ತಾಳೆಯಲ್ಲಿರುವ ತಾಮ್ರದೊಡನೆ ಕೂಡಿ ಎರಡನ್ನೂ ಬೆಸೆಯುತ್ತದೆ. ಈ ಬೆಸುಗೆ ಎಷ್ಟು ಚೆನ್ನಾಗಿ ಕೂಡಿದೆ ಎಂಬುದರ ಮೇಲೆ ಟೈರಿನ ಆಯುಸ್ಸು ನಿಂತಿದೆ. ಹೊರಗಿನಿಂದ ನೋಡಿ ಅದನ್ನು ಹೇಳುವಂತಿಲ್ಲ.

ಇನ್ನು ಟೈರು ಪಡುವ ಪಾಡನ್ನು ನೋಡೋಣ. ೧೬೦೦ ಕಿಲೋಗ್ರಾಂ ತೂಕದ ಕಾರಿನಲ್ಲಿ ಒಂದೊಂದು ಟೈರಿನ ಪಾಲಿಗೆ ೪೦೦ ಕಿಲೋಗ್ರಾಂ ಬರುತ್ತದೆ. ಒಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಂ ಇದ್ದರೆ, ನೆಲವನ್ನು ಮುಟ್ಟುವ ಭಾಗ ಸುಮಾರು ೨೦೦ ಚದರ ಸೆಂಟಿಮೀಟರು. ಬಿಡಿಸಿಟ್ಟ ಒಂದು ಹಸ್ತದಷ್ಟು ಮಾತ್ರ. ಗಾಲಿ ತಿರುಗಿದಂತೆ ಟೈರಿನ ಪ್ರತಿಯೊಂದು ಭಾಗವೂ ಈ ಸ್ಥಾನಕ್ಕೆ ಬಂದು ಚಪ್ಪಟೆಯಾಗಿ, ಮತ್ತೆ ಗುಂಡಗಾಗಬೇಕು. ಸುತ್ತಳತೆ ೨ ಮೀಟರೆಂದಿಟ್ಟುಕೊಂಡರೆ, ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿ ಇದು ಸೆಕೆಂಡಿಗೆ ೧೧ ಸಲ ನಡೆಯುತ್ತದೆ. ೭೦ ಕಿಲೋಮೀಟರ್ ದೂರದ ತುಮಕೂರನ್ನು ಮುಟ್ಟುವಷ್ಟರಲ್ಲಿ ೩೫,೦೦೦ ಸಲ! ಬಾಗಿದಾಗ ರಬ್ಬರು ಹೀರಿಕೊಂಡ ಶಕ್ತಿಯನ್ನು ಮರಳುವಾಗ ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ, ಉಳಿದದ್ದು ಶಾಖವಾಗುತ್ತದೆ. ಗಾಳಿ ಕಡಿಮೆಯಾದರೆ ಬಾಗು ಹೆಚ್ಚು, ಬಾಗು ಹೆಚ್ಚಿದರೆ ಶಾಖ ಹೆಚ್ಚು. ಭಾರವೂ ವೇಗವೂ ಬೇಸಗೆಯೂ ಸೇರಿದರೆ ಹೇಳತಕ್ಕದ್ದೇನು?

ಇಲ್ಲಿ ಅತಿ ದುರ್ಬಲವಾದ ಸ್ಥಳ ಉಕ್ಕಿನ ಪಟ್ಟಿಗಳ ಅಂಚು. ಎರಡು ಪಟ್ಟಿಗಳ ತಂತಿಗಳು ಒಂದಕ್ಕೊಂದು ಓರೆಯಾಗಿ ಎದುರುಬದುರಾಗಿ ಹಾಯುತ್ತವೆ. ಆದುದರಿಂದ ಟೈರು ಬಾಗಿದಾಗಲೆಲ್ಲ ಅಂಚಿನಲ್ಲಿ ಒಂದು ಪಟ್ಟಿ ಇತ್ತ, ಇನ್ನೊಂದು ಅತ್ತ ಎಳೆಯುತ್ತದೆ. ಇದನ್ನು ತಾಳಿಕೊಳ್ಳಲೆಂದು ಅಂಚಿನಲ್ಲಿ ಅವೆರಡರ ನಡುವೆ ಬೆಣೆಯಂತಹ ರಬ್ಬರನ್ನಿಡುತ್ತಾರೆ. ಬೆಣೆ ತೆಳುವಾಗಿದ್ದರೆ, ಅಥವಾ ಅದರ ರಬ್ಬರು ಹಳತಾಗಿ ಪೆಡಸಾದರೆ, ಕೂದಲೆಳೆಯಂತಹ ಬಿರುಕು ಹುಟ್ಟಿ ಒಳಗೊಳಗೇ ಹರಿಯುತ್ತ ಹೋಗುತ್ತದೆ. ಕೊನೆಗೊಂದು ದಿನ ಮೇಲಿನ ಪಟ್ಟಿಯೂ ಟ್ರೆಡ್ಡೂ ಸೇರಿ ಸಿಪ್ಪೆಯಂತೆ ಕಳಚಿಕೊಳ್ಳುತ್ತವೆ. ಸವಾರನಿಗೆ ಅದುವರೆಗೆ ಯಾವ ಸೂಚನೆಯೂ ಸಿಕ್ಕದೆ ಇರಬಹುದು.

ಕಳಚಿದ ಒಂದು ಟೈರನ್ನು ಕೈಯಲ್ಲಿ ಹಿಡಿದು, ಇದು ಕಾರ್ಖಾನೆಯ ತಪ್ಪೋ ಸವಾರನ ತಪ್ಪೋ ಎಂದು ಕೇಳಿದರೆ ಪರಿಣತನೂ ಅನೇಕ ವೇಳೆ ಕೈಚೆಲ್ಲಬೇಕಾಗುತ್ತದೆ. ಊರಿನಲ್ಲಿ ಒಬ್ಬನಿಗೆ ವಾಂತಿಭೇದಿಯಾದರೆ ವೈದ್ಯನು ಅವನು ತಿಂದದ್ದೇನೆಂದು ಕೇಳುತ್ತಾನೆ. ಒಂದೇ ಬೀದಿಯ ಹತ್ತು ಮಂದಿ ಬಂದಾಗ ಮಾತ್ರ ಆ ಬೀದಿಯ ಬಾವಿಯ ಕಡೆಗೆ ನೋಡುತ್ತಾನೆ. ಟೈರಿನ ವಿಷಯದಲ್ಲಿಯೂ ಅಷ್ಟೆ. ಎಣಿಕೆಯಿಲ್ಲದೆ ದೋಷ ಗೋಚರಿಸುವುದಿಲ್ಲ. ಈ ಮಾತಿಗೆ ಅಮೆರಿಕದ ಫೈರ್‌ಸ್ಟೋನ್ ಟೈರುಗಳ ವೃತ್ತಾಂತಕ್ಕಿಂತ ಮಿಗಿಲಾದ ನಿದರ್ಶನವಿಲ್ಲವಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಆ ಸಂಸ್ಥೆಗೆ ಇದು ಮೊದಲ ಅನುಭವವೇನೂ ಆಗಿರಲಿಲ್ಲ. ೧೯೭೮ರಲ್ಲಿಯೇ ಅದು ‘ಫೈರ್‌ಸ್ಟೋನ್ ೫೦೦’ ಎಂಬ ಬಗೆಯ ಒಂದು ಕೋಟಿಗೂ ಮಿಕ್ಕ ಟೈರುಗಳನ್ನು ಹಿಂದಕ್ಕೆ ಕರೆಸಬೇಕಾಗಿ ಬಂದಿತ್ತು. ಮುಂದೆ ಅದು ಜಪಾನಿನ ಬ್ರಿಜ್‌ಸ್ಟೋನ್ ಸಂಸ್ಥೆಯ ವಶವಾಯಿತು. ೧೯೯೦ರ ದಶಕದಲ್ಲಿ ಅದರ ಟೈರುಗಳು ಫೋರ್ಡ್ ಸಂಸ್ಥೆಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ಮೋಟಾರುಗಳಿಗೆ ಹೋಗುತ್ತಿದ್ದವು. ಹೆದ್ದಾರಿಯಲ್ಲಿ ಟ್ರೆಡ್ ಕಳಚಿ, ವಾಹನ ಹಿಡಿತ ತಪ್ಪಿ ಮಗುಚಿಕೊಳ್ಳುವುದು ಅಲ್ಲಲ್ಲಿ ನಡೆಯಿತು. ಒಂದೊಂದು ಅಪಘಾತವೂ ಒಂದೊಂದು ಊರಿನ ಪೋಲೀಸರ ಕಡತದಲ್ಲಿ ಬೇರೆ ಬೇರೆಯಾಗಿ ಮಲಗಿತ್ತು. ಇವುಗಳನ್ನು ಒಟ್ಟಿಗೆ ಕಂಡವರಲ್ಲಿ ಮೊದಲಿಗನೆಂದು ಹೇಳಬೇಕಾದವನು ಎಂಜಿನಿಯರನಲ್ಲ, ಸ್ಟೇಟ್ ಫಾರ್ಮ್ ಎಂಬ ವಿಮಾ ಸಂಸ್ಥೆಯ ಸಂಶೋಧಕ ಸ್ಯಾಮ್ ಬಾಯ್ಡನ್. ಪರಿಹಾರದ ಅರ್ಜಿಗಳಲ್ಲಿ ಒಂದೇ ಅಳತೆಯ ಒಂದೇ ಬಗೆಯ ಟೈರು ಮತ್ತೆ ಮತ್ತೆ ಬರುತ್ತಿರುವುದನ್ನು ಗಮನಿಸಿ, ೧೯೯೮ರ ಜುಲೈಯಲ್ಲಿ ಆತ ಇಂತಹ ೨೧ ಪ್ರಕರಣಗಳನ್ನು ಅಮೆರಿಕದ ಹೆದ್ದಾರಿ ಸಂಚಾರ ಸುರಕ್ಷತಾ ಇಲಾಖೆಗೆ ತಿಳಿಸಿದನು. ಇಲಾಖೆ ಆಗ ಯಾವ ತನಿಖೆಯನ್ನೂ ಹೂಡಲಿಲ್ಲ.

೧೯೯೯ರಲ್ಲಿ ಫೋರ್ಡ್ ಸಂಸ್ಥೆ ಸೌದಿ ಅರೇಬಿಯಾ ಮತ್ತು ನೆರೆಯ ದೇಶಗಳಲ್ಲಿ ಈ ಟೈರುಗಳನ್ನು ಬದಲಾಯಿಸಿಕೊಟ್ಟಿತು. ಮರಳುಗಾಡಿನ ಬಿಸಿಯಲ್ಲಿ ದೋಷ ಬೇಗ ಬಯಲಾಗಿತ್ತು. ಆದರೆ ಹೊರದೇಶದಲ್ಲಿ ಮಾಡಿದ್ದನ್ನು ಸ್ವದೇಶದ ಇಲಾಖೆಗೆ ತಿಳಿಸಬೇಕೆಂಬ ನಿಯಮ ಅಮೆರಿಕದಲ್ಲಿ ಆಗ ಇರಲಿಲ್ಲ, ತಿಳಿಸಲೂ ಇಲ್ಲ. ೨೦೦೦ದ ಫೆಬ್ರವರಿಯಲ್ಲಿ ಹ್ಯೂಸ್ಟನ್ ನಗರದ ಒಂದು ದೂರದರ್ಶನ ಕೇಂದ್ರ ಈ ಅಪಘಾತಗಳನ್ನು ಕುರಿತು ವರದಿ ಮಾಡಿದ ಬಳಿಕ ದೂರುಗಳು ಬಂದು ಬಿದ್ದವು. ಮೇ ತಿಂಗಳಿನಲ್ಲಿ ಇಲಾಖೆ ತನಿಖೆಯನ್ನಾರಂಭಿಸಿತು. ಆಗಸ್ಟ್ ೯ರಂದು ಸಂಸ್ಥೆ ಟೈರುಗಳನ್ನು ಹಿಂದಕ್ಕೆ ಕರೆಸುವುದಾಗಿ ಸಾರಿತು. ತಯಾರಾಗಿದ್ದವು ೧ ಕೋಟಿ ೪೪ ಲಕ್ಷ. ಅವುಗಳಲ್ಲಿ ಇನ್ನೂ ರಸ್ತೆಯ ಮೇಲೆ ಓಡುತ್ತಿದ್ದವು ಸುಮಾರು ೬೫ ಲಕ್ಷ. ಕೊನೆಯಲ್ಲಿ ಇಲಾಖೆ ಲೆಕ್ಕಕ್ಕೆ ತೆಗೆದುಕೊಂಡ ಸಾವುಗಳು ೨೭೧. ೧೯೯೮ರ ಆ ಇಪ್ಪತ್ತೊಂದನ್ನು ಯಾರಾದರೂ ಮನಸ್ಸಿಟ್ಟು ನೋಡಿದ್ದರೆ ಇವರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರೆಂದು ಯೋಚಿಸುವುದೇ ಸಂಕಟ.

ಬಳಿಕ ನಡೆದದ್ದು ಎರಡು ದೊಡ್ಡ ಸಂಸ್ಥೆಗಳ ಜಗಳ. ಚದರ ಅಂಗುಲಕ್ಕೆ ೨೬ ಪೌಂಡು ಗಾಳಿ ಸಾಕೆಂದು ಹೇಳಿದವರು ನೀವು, ಮಗುಚುವುದು ನಿಮ್ಮ ವಾಹನ ಎಂದು ಟೈರಿನವರು. ಬೇರೆ ಸಂಸ್ಥೆಯ ಟೈರು ಹಾಕಿದ ಇದೇ ವಾಹನಗಳು ಚೆನ್ನಾಗಿಯೇ ಓಡುತ್ತಿವೆಯಲ್ಲ ಎಂದು ಮೋಟಾರಿನವರು. ಸುಮಾರು ನೂರು ವರ್ಷಗಳ ವ್ಯಾಪಾರಸಂಬಂಧ ೨೦೦೧ರ ಮೇ ತಿಂಗಳಿನಲ್ಲಿ ಮುರಿಯಿತು. ಆ ವರ್ಷದ ಅಕ್ಟೋಬರಿನಲ್ಲಿ ಹೊರಬಿದ್ದ ಇಲಾಖೆಯ ವರದಿ ಬಿರುಕಿನ ಮೂಲವನ್ನು ಉಕ್ಕಿನ ಪಟ್ಟಿಗಳ ಅಂಚಿನಲ್ಲಿಯೇ ತೋರಿಸಿತು. ಅಲ್ಲಿನ ಬೆಣೆ ತೆಳುವಾಗಿತ್ತು. ಇನ್ನೂ ೩೫ ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಲಾಯಿತು. ವಾಹನವನ್ನೂ ತನಿಖೆಗೆ ಒಳಪಡಿಸಬೇಕೆಂಬ ಟೈರಿನವರ ಕೋರಿಕೆಯನ್ನು ಇಲಾಖೆ ೨೦೦೨ರಲ್ಲಿ ತಳ್ಳಿಹಾಕಿತು.

ವಾಚಕರು ಗಮನಿಸಬೇಕಾದ ಸ್ವಾರಸ್ಯ ಇನ್ನೊಂದಿದೆ. ಪ್ರತಿಯೊಂದು ಟೈರಿನ ಪಕ್ಕದಲ್ಲಿ ಅದು ಯಾವ ಕಾರ್ಖಾನೆಯಲ್ಲಿ, ಯಾವ ವರ್ಷದ ಎಷ್ಟನೆಯ ವಾರದಲ್ಲಿ ತಯಾರಾಯಿತೆಂಬ ಗುರುತು ಅಚ್ಚಾಗಿರುತ್ತದೆ. ಕೆಟ್ಟ ಟೈರುಗಳ ಗುರುತುಗಳನ್ನು ವಿಂಗಡಿಸಿದಾಗ ಇಲಿನಾಯ್ ಸಂಸ್ಥಾನದ ಡೆಕೇಟರ್ ಎಂಬ ಊರಿನ ಕಾರ್ಖಾನೆ ಎದ್ದುಕಂಡಿತು. ಅಲ್ಲಿ ೧೯೯೪ರ ಜುಲೈಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಬದಲಿ ಕಾರ್ಮಿಕರನ್ನು ತಂದು ಕೆಲಸ ನಡೆಸಲಾಗಿತ್ತು. ೧೯೯೬ರ ಕೊನೆಯಲ್ಲಷ್ಟೇ ಒಪ್ಪಂದವಾಯಿತು. ಅಲನ್ ಕ್ರೂಗರ್, ಅಲೆಕ್ಸಾಂಡ್ರೆ ಮಾಸ್ ಎಂಬ ಅರ್ಥಶಾಸ್ತ್ರಜ್ಞರು ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ೨೦೦೪ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ದೋಷ ಹೆಚ್ಚಿದ್ದು ಹೊಸಬರು ಮಾತ್ರ ಕೆಲಸಮಾಡಿದ ಕಾಲದಲ್ಲಲ್ಲ. ಮುಷ್ಕರಕ್ಕೆ ಮೊದಲು ಆಡಳಿತದವರು ಕಾರ್ಮಿಕರಿಂದ ರಿಯಾಯಿತಿಗಳನ್ನು ಕೇಳಿದಾಗ, ಮತ್ತು ಹಿಂದಿರುಗಿದ ಹಳಬರು ಬದಲಿಯವರ ಪಕ್ಕದಲ್ಲಿ ನಿಂತು ದುಡಿಯಬೇಕಾದಾಗ! ಅನನುಭವಕ್ಕಿಂತ ಅಸಮಾಧಾನ ಹೆಚ್ಚು ಕೆಡಿಸಿತೆಂದಾಯಿತು. ಸೂಕ್ಷ್ಮದರ್ಶಕದಲ್ಲಿ ರಬ್ಬರನ್ನಿಟ್ಟು ನೋಡಿದವನಿಗೆ ಇದು ಎಂದಿಗೂ ಕಾಣುತ್ತಿರಲಿಲ್ಲ. ಕಾಣಿಸಿದ್ದು ಆ ನಾಲ್ಕಾರು ಅಕ್ಷರ ಅಂಕೆಗಳ ಗುರುತು.

೨೦೦೦ದ ನವೆಂಬರ್ ೧ರಂದು ಅಮೆರಿಕ ಹೊಸ ಶಾಸನವನ್ನು ತಂದಿತು. ಸಾವು, ಗಾಯ, ಪರಿಹಾರದ ಅರ್ಜಿಗಳ ಲೆಕ್ಕವನ್ನು ತಯಾರಕರು ಕಾಲಕಾಲಕ್ಕೆ ಇಲಾಖೆಗೆ ಒಪ್ಪಿಸಬೇಕು, ಹೊರದೇಶದಲ್ಲಿ ಟೈರು ಬದಲಾಯಿಸಿಕೊಟ್ಟರೆ ಅದನ್ನೂ ತಿಳಿಸಬೇಕು ಎಂಬುದು ಅದರ ಮುಖ್ಯಾಂಶ.

ನಮ್ಮ ದೇಶಕ್ಕೆ ಬರೋಣ. ಟೈರು ನಮಗೆ ಪರಕೀಯವಾದ ಸರಕಲ್ಲ. ಮೈಸೂರಿನ ವಿಕ್ರಾಂತ್ ಟೈರುಗಳನ್ನು ಕೇಳದ ಕನ್ನಡಿಗರು ಕಡಿಮೆ. ೨೦೦೯ರ ಆಜ್ಞೆಯಂತೆ ವಾಹನಗಳ ಟೈರುಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಯಿತು. ಆದರೆ ಮಾರಿದ ವಾಹನವನ್ನು ಹಿಂದಕ್ಕೆ ಕರೆಸುವ ಮಾತು ಬಹುಕಾಲ ತಯಾರಕರ ಮರ್ಜಿಗೆ ಬಿಟ್ಟದ್ದಾಗಿತ್ತು. ೨೦೧೨ರಲ್ಲಿ ಮೋಟಾರು ತಯಾರಕರ ಸಂಘ ತಾನಾಗಿ ಒಂದು ಸಂಹಿತೆಯನ್ನು ಮಾಡಿಕೊಂಡಿತು. ಅದಕ್ಕೆ ಕಾನೂನಿನ ಬಲ ಬಂದದ್ದು ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಗೆ ೧೧೦-ಎ ಪ್ರಕರಣ ಸೇರಿದ ಮೇಲೆ. ನಿಯಮಗಳು ಜಾರಿಯಾದದ್ದು ೨೦೨೧ರ ಏಪ್ರಿಲ್ ೧ರಿಂದ. ನಿಗದಿಯಾದಷ್ಟು ಮಂದಿ ಮಾಲೀಕರು ಒಂದೇ ದೋಷವನ್ನು ದೂರಿದರೆ, ಅಥವಾ ಪರೀಕ್ಷಾ ಸಂಸ್ಥೆಯಿಂದ ವರದಿ ಬಂದರೆ, ಕೇಂದ್ರ ಸರ್ಕಾರ ಆ ಬಗೆಯ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆಜ್ಞಾಪಿಸಬಹುದು. ದೋಷ ಒಂದು ಬಿಡಿಭಾಗದಲ್ಲಿದ್ದರೆ, ಆ ಭಾಗವುಳ್ಳ ವಾಹನಗಳನ್ನೆಲ್ಲ, ಅವು ಯಾವ ಮಾದರಿಯವಾದರೂ, ಕರೆಸಬಹುದು. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ವಾಹನಗಳ ಬಿಡಿಭಾಗಗಳನ್ನು ಕಡೆದುಕೊಡುವವರು ಪ್ರತಿಯೊಂದು ತಂಡಕ್ಕೂ ಬ್ಯಾಚ್ ನಂಬರು ಬರೆದಿಡುವುದು ಏಕೆಂಬುದು ಇದರಿಂದ ಸ್ಪಷ್ಟವಾಗುವುದು.

ಗುರುತಿನ ಬೆಲೆಗೆ ಸ್ವದೇಶದ ನಿದರ್ಶನವೂ ಉಂಟು. ೨೦೨೨ರ ಏಪ್ರಿಲಿನಲ್ಲಿ ಮಾರುತಿ ಸುಜುಕಿ ಸಂಸ್ಥೆ ೧೯,೭೩೧ ಈಕೋ ವಾಹನಗಳನ್ನು ಕರೆಸಿತು. ಗಾಲಿಗೆ ಏನೂ ಆಗಿರಲಿಲ್ಲ. ಗಾಲಿಯ ರಿಮ್ಮಿನ ಮೇಲೆ ಅಳತೆ ತಪ್ಪಾಗಿ ಅಚ್ಚಾಗಿತ್ತು, ಅಷ್ಟೆ. ಆದರೆ ನಾಳೆ ಆ ಅಳತೆಯನ್ನು ನಂಬಿ ಹೊಂದದ ಟೈರು ತಂದು ಹಾಕಿದರೆ ಗತಿಯೇನು?

ಹೀಗೆ ಕಾಯಿದೆಯೇನೋ ಇದೆ. ಆದರೆ ಅದು ದೂರುಗಳನ್ನು ಎಣಿಸಿ ನಡೆಯುವ ಕಾಯಿದೆ, ದೂರೇ ದಾಖಲಾಗದಿದ್ದರೆ ಎಣಿಸುವುದು ಏನನ್ನು? ನಮ್ಮಲ್ಲಿ ಟೈರು ಕಳಚಿದರೆ ಸ್ಟೆಪ್ನಿ ಹಾಕಿಕೊಂಡು ಮುಂದೆ ಹೋಗುತ್ತೇವೆ. ಹಾಳಾದದ್ದು ಪಂಕ್ಚರ್ ಅಂಗಡಿಯವನ ಮೂಲಕ ಗುಜರಿಗೆ ಸೇರುತ್ತದೆ, ಅದರ ಜೊತೆಗೆ ಗುರುತೂ ಸೇರುತ್ತದೆ. ಲಾರಿಗಳ ವಿಷಯ ಇನ್ನೂ ತೊಡಕಿನದು. ಸವೆದ ಟೈರಿಗೆ ಹೊಸ ಟ್ರೆಡ್ ಅಂಟಿಸಿ ರೀಸೋಲ್ ಮಾಡುವುದು ಸರ್ವಸಾಮಾನ್ಯ, ಮಿತವ್ಯಯದ ದೃಷ್ಟಿಯಿಂದ ತಪ್ಪೂ ಅಲ್ಲ. ಆದರೆ ಅಂತಹ ಟೈರು ಬಿಚ್ಚಿಕೊಂಡಾಗ ತಪ್ಪು ಮೂಲ ತಯಾರಕನದೋ ಅಂಟಿಸಿದವನದೋ ಎಂಬ ಪ್ರಶ್ನೆ ಏಳುತ್ತದೆ. ರಸ್ತೆಯಲ್ಲಿ ಬಿದ್ದ ತುಂಡಿನ ಒಳಮೈಯಲ್ಲಿ ಉಕ್ಕಿನ ತಂತಿಗಳು ಚಾಚಿಕೊಂಡಿದ್ದರೆ ಸಾಮಾನ್ಯವಾಗಿ ಬಿರುಕು ಮೂಲ ಪಟ್ಟಿಗಳ ನಡುವೆ ಹರಿದಿತ್ತೆಂದು ತಿಳಿಯಬೇಕು. ಬರಿಯ ರಬ್ಬರೇ ನುಣ್ಣಗೆ ಎದ್ದುಬಂದಿದ್ದರೆ ಅಂಟಿನ ಮೇಲೆ ಸಂಶಯಪಡಬೇಕು.

ಟೈರು ಸಿಡಿಯುವುದು ದೈವಿಕ ಘಟನೆ ಎಂದು ವಾದಿಸಿ ಪರಿಹಾರದಿಂದ ನುಣುಚಿಕೊಳ್ಳಲು ವಿಮಾ ಸಂಸ್ಥೆಯೊಂದು ಯತ್ನಿಸಿದುದೂ ಉಂಟು. ೨೦೧೦ರಲ್ಲಿ ಪುಣೆ-ಮುಂಬಯಿ ದಾರಿಯಲ್ಲಿ ನಡೆದ ಅಪಘಾತದ ಮೊಕದ್ದಮೆ ಅದು. ಟೈರು ಸಿಡಿತ ದೈವಿಕವಲ್ಲ, ಮನುಷ್ಯನ ಅಲಕ್ಷ್ಯ ಎಂದು ಮುಂಬಯಿ ಉಚ್ಚ ನ್ಯಾಯಾಲಯ ೨೦೨೩ರಲ್ಲಿ ಹೇಳಿತು. ಆ ತೀರ್ಪು ನ್ಯಾಯವಾದುದೆಂದೇ ನಮ್ಮ ಎಣಿಕೆ. ಆದರೆ ಮನುಷ್ಯನೆಂದರೆ ಚಕ್ರದ ಹಿಂದೆ ಕುಳಿತವನು ಒಬ್ಬನೇ ಅಲ್ಲವೆಂಬುದನ್ನು ಡೆಕೇಟರಿನ ಕಥೆ ತಿಳಿಸುತ್ತದೆ.

ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಟೈರಿನ ಬಗೆಗೆ ೧೯೧೫ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ೨೦೨೦ರಲ್ಲಿ ಸ್ಥಾಪಿತವಾದ ಕೇಂದ್ರ ಪ್ರಾಧಿಕಾರಕ್ಕೆ ಅಪಾಯಕರ ಸರಕನ್ನು ಹಿಂದಕ್ಕೆ ಕರೆಸುವ ಅಧಿಕಾರವಿದೆ. ದೂರಿನಲ್ಲಿ ಟೈರಿನ ಹೆಸರು, ಅಳತೆಗಳ ಜೊತೆಗೆ ಆ ಗುರುತೂ ಇರಬೇಕು. ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕೆಗಳಿರುವುದನ್ನು ಹುಡುಕಿ: ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರ. ೨೦೦೦ಕ್ಕೆ ಮೊದಲಿನವುಗಳಲ್ಲಿ ಮೂರೇ ಅಂಕೆಗಳಿರುತ್ತಿದ್ದವು. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ನೋಡಬೇಕು. ಅನೇಕ ಟೈರುಗಳಲ್ಲಿ ಪೂರ್ಣ ಗುರುತು ಒಂದೇ ಪಕ್ಕದಲ್ಲಿರುತ್ತದೆ. ೨೦೦೦ದಲ್ಲಿ ಅಮೆರಿಕದ ಮಾಲೀಕರು ತಮ್ಮದು ಹಿಂದಕ್ಕೆ ಕರೆಸಿದ ಟೈರು ಹೌದೋ ಅಲ್ಲವೋ ಎಂದು ತಿಳಿಯಲು ಟಾರ್ಚು ಹಿಡಿದು ವಾಹನದ ಅಡಿಗೆ ನುಸುಳಬೇಕಾಗಿತ್ತು. ಪೂರ್ಣ ಗುರುತು ಹೊರಮುಖದಲ್ಲಿರಬೇಕೆಂಬ ನಿಯಮ ಅಲ್ಲಿ ಬಂದದ್ದು ಆ ಬಳಿಕ.