ಟಿಎಲ್‌ಡಿ ಮಾತ್ರೆಗೂ ಶಕ್ತಿ ಮಾತ್ರೆಗೂ ನಡುವೆ ಎಷ್ಟು ಹೊತ್ತು?

ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಪಡೆದವರಲ್ಲಿ ಎಷ್ಟೋ ಮಂದಿ ದಾರಿಯಲ್ಲಿ ಮೆಡಿಕಲ್ ಶಾಪಿಗೂ ಹೋಗುತ್ತಾರೆ. ಸುಸ್ತು, ಕೈಕಾಲು ಸೆಳೆತ, ತೂಕ ಏರುತ್ತಿಲ್ಲವೆಂಬ ಚಿಂತೆ. ಯಾವುದಕ್ಕಾದರೂ ಒಂದು ಸ್ಟ್ರಿಪ್ ಶಕ್ತಿ ಮಾತ್ರೆ ಕೊಳ್ಳುತ್ತಾರೆ. ಮರೆತುಹೋಗಬಾರದೆಂದು ಎರಡನ್ನೂ ಒಟ್ಟಿಗೇ ನುಂಗುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿ. ಎಚ್‌ಐವಿ ಇರುವವರು ವಿಟಮಿನ್ ತೆಗೆದುಕೊಳ್ಳಬಾರದು ಎಂದೇನಿಲ್ಲ. ವಿಟಮಿನ್ ಜೊತೆಗೆ ಅದೇ ಮಾತ್ರೆಯಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂ, ಜಿಂಕ್, ಮೆಗ್ನೀಷಿಯಂಗಳ ಬಗ್ಗೆ ಎಚ್ಚರ ಬೇಕು.

ಇಂದು ನಮ್ಮಲ್ಲಿ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಮೂರನೆಯದು ಕೆಲಸ ಮಾಡುವ ಬಗೆ ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ವೈರಸ್ ತನ್ನ ವಂಶವಾಹಿಯನ್ನು ನಮ್ಮ ಜೀವಕೋಶದ ಡಿಎನ್‌ಎಗೆ ಸೇರಿಸಲು ಇಂಟಿಗ್ರೇಸ್ ಎಂಬ ಕಿಣ್ವವನ್ನು ಬಳಸುತ್ತದೆ. ಆ ಕಿಣ್ವದ ನಡುವೆ ಎರಡು ಮೆಗ್ನೀಷಿಯಂ ಅಯಾನುಗಳಿವೆ. ಡೊಲುಟೆಗ್ರಾವಿರ್ ಅವನ್ನು ಬಿಗಿಯಾಗಿ ಹಿಡಿದು ಕಿಣ್ವದ ಕೆಲಸ ನಿಲ್ಲಿಸುತ್ತದೆ. ಲೋಹವನ್ನು ಹಿಡಿಯುವ ಗುಣವೇ ಅದರ ಬಲ. ಆದರೆ ಹೊಟ್ಟೆಯಲ್ಲೇ ಕ್ಯಾಲ್ಸಿಯಂ, ಕಬ್ಬಿಣ ಎದುರಾದರೆ ಅವನ್ನೂ ಹಿಡಿದುಕೊಳ್ಳುತ್ತದೆ. ಹಾಗೆ ಅಂಟಿಕೊಂಡ ಔಷಧ ರಕ್ತಕ್ಕೆ ಸೇರುವುದು ಕಷ್ಟ.

ಎಷ್ಟು ನಷ್ಟ? ಖಾಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಜೊತೆ ತೆಗೆದುಕೊಂಡಾಗ ರಕ್ತಕ್ಕೆ ಸೇರುವ ಡೊಲುಟೆಗ್ರಾವಿರ್ ಸುಮಾರು ಶೇ 39ರಷ್ಟು ಕಡಿಮೆಯಾಗುತ್ತದೆ. ಕಬ್ಬಿಣದ ಜೊತೆ ಸುಮಾರು ಶೇ 54. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆಂಟಾಸಿಡ್ ಜೊತೆ ಶೇ 70ಕ್ಕೂ ಹೆಚ್ಚು. ದಿನವೂ ಹೀಗಾದರೆ ಮಾತ್ರೆ ತಪ್ಪಿಸದವರಲ್ಲೂ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಏರುವ ಅಪಾಯವಿದೆ.

ನಿಯಮ ಸರಳ: ಇಂಥ ಮಾತ್ರೆಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ ಟಿಎಲ್‌ಡಿ. ಹೊಟ್ಟೆ ತುಂಬ ಊಟ ಮಾಡುತ್ತಿದ್ದರೆ ಕ್ಯಾಲ್ಸಿಯಂ ಅಥವಾ ಕಬ್ಬಿಣವನ್ನು ಟಿಎಲ್‌ಡಿ ಜೊತೆಗೇ ತೆಗೆದುಕೊಳ್ಳಬಹುದು, ಆಗ ಈ ನಷ್ಟ ಆಗುವುದಿಲ್ಲ. ಡೈಜೀನ್, ಜೆಲುಸಿಲ್‌ಗಳಿಗೆ ಈ ರಿಯಾಯಿತಿ ಇಲ್ಲ. ಊಟವಿದ್ದರೂ ಅಂತರ ಬೇಕೇ ಬೇಕು. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಿಂದ ಡೊಲುಟೆಗ್ರಾವಿರ್‌ಗೆ ಅಡ್ಡಿಯಿಲ್ಲ. ರಾಗಿ ಮುದ್ದೆ, ಹಾಲು, ಸೊಪ್ಪು ತಿನ್ನಲು ಯಾರೂ ಹೆದರಬೇಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದವರು ಗರ್ಭಿಣಿಯರು. ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ದಿನಕ್ಕೊಂದು ಕಬ್ಬಿಣದ ಕೆಂಪು ಮಾತ್ರೆ, ಎರಡು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಒಂದಕ್ಕೊಂದು ಅಡ್ಡಬರುವುದರಿಂದ ಅವೂ ಬೇರೆ ಬೇರೆ ಹೊತ್ತಿಗೆ ಬೇಕು. ಒಂದು ಹೊಂದಾಣಿಕೆ ಹೀಗಿರಬಹುದು: ಬೆಳಗ್ಗೆ 6ಕ್ಕೆ ಟಿಎಲ್‌ಡಿ, 8.30ಕ್ಕೆ ತಿಂಡಿಯ ನಂತರ ಕ್ಯಾಲ್ಸಿಯಂ, ಮಧ್ಯಾಹ್ನ 2ಕ್ಕೆ ಕೆಂಪು ಮಾತ್ರೆ, ರಾತ್ರಿ ಊಟದ ನಂತರ ಇನ್ನೊಂದು ಕ್ಯಾಲ್ಸಿಯಂ. ಯಾವುದನ್ನೂ ಬಿಡಬೇಕಿಲ್ಲ. ಮಗುವಿಗೆ ಸೋಂಕು ತಗುಲದಿರಲು ತಾಯಿಯ ವೈರಲ್ ಲೋಡ್ ತಗ್ಗಿರಲೇಬೇಕಾದ ಕಾಲ ಇದು. ಆಪ್ತಸಮಾಲೋಚಕರು ಈ ವೇಳಾಪಟ್ಟಿಯನ್ನು ಕೂತು ಬರೆದುಕೊಡಬೇಕು.

ಇನ್ನು, ವಿಟಮಿನ್‌ನಿಂದ ಎಚ್‌ಐವಿ ಹತೋಟಿಗೆ ಬರುತ್ತದೆಯೇ? ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಎಆರ್‌ಟಿ ಸಿಗದಿದ್ದ ಕಾಲದಲ್ಲಿ ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಬಿ, ಸಿ, ಇ ವಿಟಮಿನ್ ಪಡೆದವರಲ್ಲಿ ಕಾಯಿಲೆ ನಿಧಾನವಾಗಿ ಮುಂದುವರಿದಿತ್ತು. ವಿಟಮಿನ್ ಎ ಪಡೆದ ತಾಯಂದಿರಿಂದ ಮಕ್ಕಳಿಗೆ ಸೋಂಕು ಹರಡುವುದು ಹೆಚ್ಚಿತ್ತು. ಅದೇ ಊರಿನಲ್ಲಿ ಎಆರ್‌ಟಿ ಆರಂಭಿಸಿದವರಿಗೆ ಹೆಚ್ಚಿನ ಪ್ರಮಾಣದ ವಿಟಮಿನ್ ಕೊಟ್ಟು ನೋಡಿದ ಅಧ್ಯಯನದ ಫಲಿತಾಂಶ 2012ರಲ್ಲಿ ಬಂತು: ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚು ಲಾಭವಿಲ್ಲ, ಯಕೃತ್ತಿನ ಕಿಣ್ವ ಮಾತ್ರ ಏರಿತ್ತು. ದಕ್ಷಿಣ ಆಫ್ರಿಕಾದಲ್ಲಿ ಎಆರ್‌ಟಿ ವಿಷ, ವಿಟಮಿನ್ನೇ ಮದ್ದು ಎಂದು ವಿಟಮಿನ್ ಮಾರಾಟಗಾರ ಮ್ಯಾಥಿಯಸ್ ರಾತ್ ಪ್ರಚಾರ ನಡೆಸಿದ. 2008ರಲ್ಲಿ ಕೇಪ್ ಹೈಕೋರ್ಟ್ ಆತನ ಪ್ರಯೋಗಗಳು ಕಾನೂನುಬಾಹಿರವೆಂದು ಹೇಳಿ ತಡೆಯಿತು. ಎಆರ್‌ಟಿ ಬಿಡಿಸಿ ಶಕ್ತಿ ಪುಡಿ ಮಾರುವವರು ಯಾವ ಊರಲ್ಲಿದ್ದರೂ ಅವರನ್ನು ನಂಬಬೇಡಿ.

ನಿಜವಾದ ಕೊರತೆಗೆ ನಿಜವಾದ ಉಪಯೋಗವಿದೆ. ಕ್ಷಯಕ್ಕೆ ಐಸೋನಿಯಜಿಡ್ ತೆಗೆದುಕೊಳ್ಳುವವರಿಗೆ ಬಿ6 ಅತ್ಯಗತ್ಯ, ಇಲ್ಲದಿದ್ದರೆ ಪಾದಗಳಲ್ಲಿ ಜೋಮು, ಉರಿ ಬರಬಹುದು. ಟೆನೊಫೊವಿರ್ ಮೂಳೆಯ ಸಾಂದ್ರತೆಯನ್ನು ಸ್ವಲ್ಪ ತಗ್ಗಿಸುವುದರಿಂದ ವಿಟಮಿನ್ ಡಿ ಕಡಿಮೆಯಿದ್ದರೆ ಸರಿಪಡಿಸಬೇಕು. ಆದರೆ 60,000 ಯೂನಿಟ್‌ನ ಸ್ಯಾಶೆ ಸಾಮಾನ್ಯವಾಗಿ ವಾರಕ್ಕೊಂದು, ಅದೂ ವೈದ್ಯರು ಹೇಳಿದಷ್ಟೇ ವಾರ. ದಿನವೂ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಬಹುದು. ಟೆನೊಫೊವಿರ್ ತೆಗೆದುಕೊಳ್ಳುವವರ ಮೂತ್ರಪಿಂಡದ ಮೇಲೆ ಮೊದಲೇ ಕಣ್ಣಿಟ್ಟಿರಬೇಕಾಗುತ್ತದೆ.

ಮಂಡಿನೋವಿಗೆ ತೋರಿಸಿಕೊಳ್ಳುವ ವೈದ್ಯರಿಗೆ, ಅಂಗಡಿಯವರಿಗೆ ಎಚ್‌ಐವಿ ವಿಷಯ ಹೇಳಲು ಅನೇಕರಿಗೆ ಅಂಜಿಕೆ. ಆ ಅಂಜಿಕೆಗೆ ಸಮಾಜವೇ ಹೊಣೆ. ಹೇಳಲಾಗದಿದ್ದರೂ ಒಂದು ದಾರಿ ಇದೆ. ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದಿ: ಫೆರಸ್, ಕ್ಯಾಲ್ಸಿಯಂ, ಜಿಂಕ್, ಮೆಗ್ನೀಷಿಯಂ, ಅಲ್ಯೂಮಿನಿಯಂ. ಇದರಲ್ಲಿ ಒಂದು ಹೆಸರಿದ್ದರೂ ಅಂತರ ಇಡಿ. ಓದಲಾಗದಿದ್ದರೆ ಸ್ಟ್ರಿಪ್ಪನ್ನೇ ಚೀಲದಲ್ಲಿಟ್ಟುಕೊಂಡು ಮುಂದಿನ ಬಾರಿ ಎಆರ್‌ಟಿ ಕೇಂದ್ರದ ಫಾರ್ಮಸಿಸ್ಟ್‌ಗೆ ತೋರಿಸಿ. ಅಲ್ಲಿಯವರೆಗೆ ಅದನ್ನು ಟಿಎಲ್‌ಡಿ ಆದ ಮೇಲೆ 2 ಗಂಟೆ ಬಿಟ್ಟೇ ನುಂಗಿ.