ಗಾಡಿಯ ಉಸಿರು ಕೇಳುವ ಉಸ್ತಾದರು

ಉಸ್ತಾದರು ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲಕ್ಕೆ ತರಿಸಿ, ನ್ಯೂಟ್ರಲ್ ಮಾಡಿಸಿ, ಹಿಂಬದಿಗೆ ಕಟ್ಟಿದ್ದ ಸ್ಟೆಪ್ನಿಯ ಮೇಲೆ ಎರಡೂ ಅಂಗೈ ಊರಿ ತಳ್ಳಿದರು. ಅದು ಮೊಳದಷ್ಟು ದೂರ ಉರುಳಿ ನಿಂತುಬಿಟ್ಟಿತು. ನಾಲ್ಕೂ ಚಕ್ರಗಳ ಹತ್ತಿರ ಕೂತು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ, ಬ್ರೇಕ್ ಡ್ರಮ್ಮಿನ ಸಮೀಪ ಅಂಗೈ ಹಿಡಿದರು. ಹಿಂದಿನ ಎಡಗಡೆಯ ಚಕ್ರದ ಹತ್ತಿರ ಕೈ ತಡವಾಯಿತು.

"ಇದು ಸುಡ್ತಾ ಇದೆ ಸಾರ್. ಒಂದು ಕಾಲು ಬ್ರೇಕ್ ಮೇಲೆ ಇಟ್ಕೊಂಡೇ ಊರೆಲ್ಲಾ ಓಡಿಸ್ದಂಗೆ. ಪೆಟ್ರೋಲ್ ಎಲ್ಲಿಗೆ ಹೋಯ್ತು ಅಂತ ಇಂಜಿನ್ನ ಯಾಕೆ ಬೈತೀರಿ?"

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ, ಎರಡು ಆಟೋ ನಿಲ್ಲುವಷ್ಟು ಅಗಲದ ಶೆಡ್ಡು ಅದು. ಬೋರ್ಡಿಲ್ಲ. ಚಿಕ್ಕಮಗಳೂರು ಕಡೆಯ ಗೆಳೆಯನೊಬ್ಬನ ಎಂ.ಜಿ. ಟಿ.ಡಿ. ಕಾರಿನ ಜೊತೆ ನಾನು ಅಲ್ಲಿಗೆ ಹೋದೆ. ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಪ್ಲಾಂಟರ್ ಒಬ್ಬರಿಂದ ಅವನ ತಾತ ಕೊಂಡ ಗಾಡಿ. ಎರಡೇ ಸೀಟು, ಬಟ್ಟೆಯ ಮಾಡು, ಎರಡು ಬದಿಯಿಂದ ರೆಕ್ಕೆಯಂತೆ ಏಳುವ ಬಾನೆಟ್. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1953ರವರೆಗೆ ಇಂಥವು 29,664 ತಯಾರಾದವು. ಇಂಜಿನ್ 1,250 ಸಿ.ಸಿ., ಶಕ್ತಿ 54 ಅಶ್ವಬಲ. ಇಂದಿನ ಸಣ್ಣ ಕಾರುಗಳೂ ಇದನ್ನು ಸುಲಭವಾಗಿ ಹಿಂದೆ ಹಾಕುತ್ತವೆ. ಆದರೆ ತಿರುವಿನಲ್ಲಿ ಇದರ ಸ್ಟಿಯರಿಂಗ್ ಹಿಡಿದವರು ಆ ಮಾತು ಆಡುವುದಿಲ್ಲ.

ಗೆಳೆಯನ ದೂರು ಒಂದೇ: ಲೀಟರಿಗೆ ಐದು ಕಿಲೋಮೀಟರ್ ಕೂಡ ಕೊಡುತ್ತಿಲ್ಲ. ಮೂರು ಕಡೆ ತೋರಿಸಿದ್ದ. ಮೂರು ಕಡೆಯೂ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಹಾಕಿ ಕೊಟ್ಟಿದ್ದರು. ಪ್ರತಿ ಸಲವೂ ಮೈಲೇಜ್ ಇನ್ನಷ್ಟು ಇಳಿದಿತ್ತು.

ಉಸ್ತಾದರಿಗೆ ವಯಸ್ಸು ಎಪ್ಪತ್ತು ದಾಟಿದೆ. ಹೆಸರು ಹಾಕಬೇಡಿ ಎಂದರು, ಹಾಕಿಲ್ಲ. ಹನ್ನೊಂದನೇ ವಯಸ್ಸಿಗೆ ಗ್ಯಾರೇಜಿನಲ್ಲಿ ಕಾಟನ್ ವೇಸ್ಟ್ ಹಿಂಡುವ ಕೆಲಸಕ್ಕೆ ಸೇರಿದವರು. ಕಣ್ಣು ಮಂಜಾಗಿದೆ, ಕಿವಿ ಚುರುಕು. ಅವರ ಕೆಲಸವೆಲ್ಲ ಆ ಕಿವಿಯಲ್ಲೇ.

ಬ್ರೇಕ್ ನೋಡಿದ ಮೇಲೆ ಅವರು ಕೇಳಿದ ಎರಡನೇ ಪ್ರಶ್ನೆ, "ಮೈಲೇಜ್ ಹೆಂಗೆ ಅಳೆದ್ರಿ?" ಗೆಳೆಯ ತಡವರಿಸಿದ. ಈ ಗಾಡಿಯಲ್ಲಿ ಪೆಟ್ರೋಲ್ ಮುಳ್ಳೇ ಇಲ್ಲ. ಟ್ಯಾಂಕ್ ಬರಿದಾಗುತ್ತಾ ಬಂದಾಗ ಒಂದು ಹಸಿರು ದೀಪ ಹೊತ್ತಿಕೊಳ್ಳುತ್ತದೆ, ಅಷ್ಟೆ. ಮೀಟರ್ ತೋರಿಸುವುದು ಮೈಲಿ. ಟೈರು ಮೂಲ ಅಳತೆಗಿಂತ ದೊಡ್ಡದಾಗಿದ್ದರೆ ಮೀಟರ್ ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಜೊತೆಗೆ ಇಂಗ್ಲೆಂಡಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ಪುಸ್ತಕ ಯಾವುದು, ಗ್ಯಾಲನ್ ಯಾವುದು ಎಂದು ನೋಡದೆ ಲೆಕ್ಕ ಹಾಕಿದವರು ಸುಮ್ಮನೆ ಕೊರಗುತ್ತಾರೆ. ಆ ಕಾಲದ ರಸ್ತೆ ಪರೀಕ್ಷೆಗಳಲ್ಲಿ ಟಿ.ಡಿ. ಕೊಟ್ಟದ್ದು ಇಂಗ್ಲಿಷ್ ಗ್ಯಾಲನ್ನಿಗೆ ಸುಮಾರು 26 ಮೈಲಿ, ಅಂದರೆ ಲೀಟರಿಗೆ 9 ಕಿಲೋಮೀಟರ್ ಚಿಲ್ಲರೆ. ಉಸ್ತಾದರ ವಿಧಾನ ಸರಳ: ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸಿ, ಮೈಲಿಗಲ್ಲು ನೋಡಿಕೊಂಡು ಐವತ್ತು ಕಿಲೋಮೀಟರ್ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಕುತ್ತಿಗೆಯವರೆಗೆ ತುಂಬಿಸುವುದು.

ಆಮೇಲೆ ಎಲ್ಲರೂ ಮಾತು ನಿಲ್ಲಿಸಬೇಕಾಯಿತು. ಇಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿದರು. ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಟಿಕ್ ಟಿಕ್ ಟಿಕ್ ಎಂದು ಬಡಿಯತೊಡಗಿತು. ಕಾರ್ಬೊರೇಟರಿನ ಬಟ್ಟಲು ತುಂಬಿ ತೇಲುಬುರುಡೆ ದಾರಿ ಮುಚ್ಚಿದೊಡನೆ ಆ ಸದ್ದು ನಿಲ್ಲಬೇಕು. ನಿಂತಿತು. ಉಸ್ತಾದರು ಬೆರಳು ಎತ್ತಿ ಕಾದರು. ಅರ್ಧ ನಿಮಿಷದ ಮೇಲೆ ಒಂಟಿ 'ಟಿಕ್'. ಮತ್ತೊಂದು ಅರ್ಧ ನಿಮಿಷಕ್ಕೆ ಇನ್ನೊಂದು. "ಎಲ್ಲೋ ತೊಟ್ಟಿಕ್ಕುತಿದೆ," ಎಂದರು. ಈ ಇಂಜಿನಿಗೆ ಕಾರ್ಬೊರೇಟರ್ ಎರಡು, ಮುಂದೊಂದು ಹಿಂದೊಂದು. ಹಿಂದಿನದರ ಬಟ್ಟಲಿನ ಸೂಜಿ ಸವೆದು ಸರಿಯಾಗಿ ಕೂರುತ್ತಿರಲಿಲ್ಲ. ನಾನು ಅಲ್ಲೇ ಪಕ್ಕದಲ್ಲಿದ್ದೆ. ಆ ಒಂಟಿ ಸದ್ದು ನನಗೂ ಕೇಳಿಸಿತ್ತು. ಅದಕ್ಕೆ ಅರ್ಥವಿದೆ ಎಂದು ಮಾತ್ರ ಹೊಳೆದಿರಲಿಲ್ಲ.

ಉಳಿದ ತಪಾಸಣೆ ಬೇಗ ಮುಗಿಯಿತು. ಡಿಸ್ಟ್ರಿಬ್ಯೂಟರಿನ ರೋಟರನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರು. ಚಟ್ಟನೆ ಹಿಂದಕ್ಕೆ ಬರಬೇಕಾದದ್ದು ಸೋಮಾರಿಯಾಗಿ ಬಂತು. ಒಳಗಿನ ತೂಕದ ಗುಂಡುಗಳಿಗೆ ಹಳೇ ಗ್ರೀಸ್ ಒಣಗಿ ಅಂಟಿಕೊಂಡಿತ್ತು. ವೇಗ ಏರಿದಾಗ ಕಿಡಿ ಮುಂಚಿತವಾಗಿ ಹಾರದಿದ್ದರೆ ಎಳೆತ ಸಾಲದು, ಓಡಿಸುವವರು ತಿಳಿಯದೆಯೇ ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತಾರೆ. ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ. ನಮ್ಮ ಬಿಸಿಲಿಗೆ ಅದು ಬೇಡ ಎಂದು ಕಿತ್ತು ಬಿಸಾಡುವ ಪದ್ಧತಿ ನಮ್ಮ ಗ್ಯಾರೇಜುಗಳಲ್ಲಿ ಹಳೆಯದು. ಇಂಜಿನ್ ತಕ್ಕಷ್ಟು ಬಿಸಿಯಾಗದಿದ್ದರೆ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ, ಹಸಿಹಸಿಯಾಗಿಯೇ ಹೊರಗೆ ಹೋಗುತ್ತದೆ. ಬೇಯದ ಅಕ್ಕಿ ಉಣ್ಣಿಸಿದರೆ ಹೊಟ್ಟೆ ತುಂಬೀತೇ ಎಂದು ಉಸ್ತಾದರು ಕೇಳಿದರು.

ಪ್ಲಗ್ ನೋಡಲು ಮಾತ್ರ ಗಾಡಿಯನ್ನು ರಸ್ತೆಗೆ ಒಯ್ಯಬೇಕೆಂದರು. ನಿಂತಲ್ಲೇ ಓಡಿದ ಇಂಜಿನಿನ ಪ್ಲಗ್ ಸುಳ್ಳು ಹೇಳುತ್ತದಂತೆ. ಒಳ್ಳೆಯ ವೇಗದಲ್ಲಿರುವಾಗಲೇ ಕ್ಲಚ್ ಒತ್ತಿ, ಇಂಜಿನ್ ಆರಿಸಿ, ಪಕ್ಕಕ್ಕೆ ಉರುಳಿಸಿ ನಿಲ್ಲಿಸಿ ಬಿಚ್ಚಿದರೆ ನಿಜ ತಿಳಿಯುತ್ತದೆ. ಮುಂದಿನ ಎರಡರ ತುದಿ ಹದವಾಗಿ ಹುರಿದ ಕಾಫಿ ಬೀಜದ ಬಣ್ಣ. ಹಿಂದಿನ ಎರಡು ಒಲೆಯ ಮೇಲಿನ ತೊಲೆಯಂತೆ ಮಸಿ ಹಿಡಿದಿದ್ದವು. ಕಾಯಿಲೆಯ ಬೇರು ಇದ್ದದ್ದು ಹಿಂದಿನ ಕಾರ್ಬೊರೇಟರಿನಲ್ಲೇ.

ಆ ಕಾರ್ಬೊರೇಟರಿನ ಹೆಸರು ಎಸ್‌.ಯು. "ಇದು ಚಪ್ಪಲಿ ಅಂಗಡಿಯವರು ಮಾಡಿದ್ದು, ಗೊತ್ತಾ?" ಎಂದರು ಉಸ್ತಾದರು. ನನಗೆ ನಂಬಿಕೆ ಬರಲಿಲ್ಲ. ಮನೆಗೆ ಬಂದು ಪುಸ್ತಕ ತೆರೆದರೆ ಅಕ್ಷರಶಃ ನಿಜ. ಎಸ್‌.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಲಂಡನ್ನಿನ ಲಿಲ್ಲಿ ಅಂಡ್ ಸ್ಕಿನ್ನರ್ ಪಾದರಕ್ಷೆ ವ್ಯಾಪಾರದ ಮನೆತನದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ರೂಪಿಸಿದಾಗ ಒಳಗೆ ಇಟ್ಟದ್ದು ಚರ್ಮದ ತಿದಿ! ಕುಲುಮೆಯ ತಿದಿಯ ಹಾಗೆ ಅದು ಉಬ್ಬಿ ಇಳಿಯುತ್ತಿತ್ತು. ಚರ್ಮ ಹೋಗಿ ಲೋಹದ ಪಿಸ್ಟನ್ ಬಂದದ್ದು ಆಮೇಲೆ. 1926ರಲ್ಲಿ ಡಬ್ಲ್ಯು.ಆರ್. ಮಾರಿಸ್ ಈ ಕಂಪನಿಯನ್ನು ಕೊಂಡರು. ಮುಂದೆ ಸ್ಪಿಟ್‌ಫೈರ್ ಯುದ್ಧವಿಮಾನದ ಮರ್ಲಿನ್ ಇಂಜಿನಿಗೂ ಎಸ್‌.ಯು. ಕಾರ್ಬೊರೇಟರೇ. ವಿಮಾನ ಥಟ್ಟನೆ ಮೂಗು ತಗ್ಗಿಸಿದರೆ ತೇಲುಬುರುಡೆ ಲೆಕ್ಕ ತಪ್ಪಿ ಇಂಜಿನ್ ಕೆಮ್ಮುತ್ತಿತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಇಂಜಿನಿಯರ್ ಹೆಣ್ಣುಮಗಳು ಒಂದು ಪುಟ್ಟ ತೂತಿನ ಲೋಹದ ಬಿಲ್ಲೆ ಕೂರಿಸಿ ಆ ಕಾಟವನ್ನು ಬಹುಮಟ್ಟಿಗೆ ತಪ್ಪಿಸಿದರು. ನಮ್ಮ ಅಂಬಾಸಿಡರ್ ಕಾರಿನಲ್ಲೂ ಬಹುಕಾಲ ಇದ್ದದ್ದು ಎಸ್‌.ಯು. ಉಸ್ತಾದರ ಕೈ ಪಳಗಿದ್ದು ಅಲ್ಲೇ.

ಅದರ ಕೆಲಸ ನೋಡಿದರೆ ಮನಸ್ಸು ತುಂಬುತ್ತದೆ. ಗಂಜಿ ಕುದಿದಾಗ ಪಾತ್ರೆಯ ಮುಚ್ಚಳ ಏಳುತ್ತದಲ್ಲ, ಹಾಗೆ ಇಂಜಿನ್ ಗಾಳಿ ಎಳೆದಷ್ಟೂ ಒಳಗಿನ ಪಿಸ್ಟನ್ ಮೇಲೇಳುತ್ತದೆ. ಅದರ ತಳದಿಂದ ಒಂದು ಸೂಜಿ ಕೆಳಗಿನ ಜೆಟ್‌ನೊಳಗೆ ಇಳಿಬಿದ್ದಿರುತ್ತದೆ. ಜೆಟ್‌ನ ತೂತು 2.3 ಮಿಲಿಮೀಟರಿನಷ್ಟು. ಸೂಜಿ ತುದಿಗೆ ಹೋದಂತೆ ತೆಳು. ಮೇಲೆದ್ದಷ್ಟೂ ಸುತ್ತಲಿನ ಸಂದು ಹಿಗ್ಗಿ ಹೆಚ್ಚು ಪೆಟ್ರೋಲ್ ಏಳುತ್ತದೆ. ಸೂಜಿ ಒಂದೇ ಬದಿಗೆ ಉಜ್ಜಿ ಉಜ್ಜಿ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿದರೆ, ಕೂದಲೆಳೆಯಷ್ಟು ಸವೆತಕ್ಕೇ ಪೆಟ್ರೋಲ್ ಮಿತಿಮೀರುತ್ತದೆ.

ಉಸ್ತಾದರು ಈಗ ಗೋಡೆಯ ಮೊಳೆಯಿಂದ ಎರಡು ಅಡಿ ಉದ್ದದ ಕಪ್ಪು ರಬ್ಬರ್ ನಳಿಗೆ ತೆಗೆದರು. ಒಂದು ತುದಿ ಕಿವಿಗೆ, ಇನ್ನೊಂದು ಮುಂದಿನ ಕಾರ್ಬೊರೇಟರಿನ ಬಾಯಿಗೆ. ಕಣ್ಣು ಮುಚ್ಚಿದರು. ಹಿಂದಿನದಕ್ಕೆ ಹಿಡಿದರು. ಮತ್ತೆ ಮುಂದಿನದಕ್ಕೆ. ಎರಡೂ ಸಮನಾಗಿ ಉಸಿರೆಳೆಯಬೇಕು. "ಹಿಂದಿನದು ಬಾಯಲ್ಲಿ ಎಳೀತಿಲ್ಲ ಸಾರ್, ಪಕ್ಕದಿಂದ ಎಳೀತಿದೆ." ಎಣ್ಣೆಡಬ್ಬಿಯಿಂದ ಥ್ರಾಟಲ್ ಸರಳಿನ ಬುಡಕ್ಕೆ ಎರಡು ಹನಿ ಬಿಟ್ಟರು. ಕುಂಟುತ್ತಿದ್ದ ಸ್ಲೋ ಸ್ಪೀಡ್ ಒಂದು ಕ್ಷಣ ಸರಿಹೋಗಿ ಮತ್ತೆ ಕುಂಟಿತು.

ಗಂಟು ಬಿಚ್ಚಿಕೊಂಡಿತು. ಆ ಸರಳಿನ ಬುಷ್ ಸವೆದು ಗಾಳಿ ಕಳ್ಳದಾರಿಯಿಂದ ನುಗ್ಗುತ್ತಿತ್ತು. ಇಂಜಿನ್ ಕುಂಟುವುದನ್ನು ಕಂಡ ಮೊದಲಿನ ಕೈಗಳು ಸಂದು ಮುಚ್ಚುವ ಬದಲು ಜೆಟ್ ಇಳಿಸಿ ಪೆಟ್ರೋಲ್ ಹೆಚ್ಚಿಸಿದ್ದವು. ಕುಂಟು ಆಗ ನಿಂತಿರಬೇಕು. ಆದರೆ ಎಲ್ಲ ವೇಗದಲ್ಲೂ ಪೆಟ್ರೋಲ್ ಸುರಿಯತೊಡಗಿತು. "ಕೊಡಕ್ಕೆ ತೂತು ಬಿದ್ರೆ ಬೆಸುಗೆ ಹಾಕ್ಬೇಕು. ಇವರು ಇನ್ನೊಂದು ಕೊಡ ನೀರು ಹೊಯ್ದಿದಾರೆ."

ಬುಷ್, ಜೆಟ್, ಸೂಜಿ ಬದಲಾಗಲು ಮೂರು ವಾರ ಹಿಡಿಯಿತು. ಎಸ್‌.ಯು. ಬಿಡಿಭಾಗಗಳು ಇಂದಿಗೂ ಇಂಗ್ಲೆಂಡಿನ ಸ್ಯಾಲಿಸ್‌ಬರಿಯಲ್ಲಿ ತಯಾರಾಗುತ್ತವೆ ಎಂಬುದು ಇಂಥ ಗಾಡಿಗಳ ಪುಣ್ಯ. ಮರುಜೋಡಣೆಯ ದಿನ ಉಸ್ತಾದರು ತೆಳು ಸ್ಕ್ರೂಡ್ರೈವರಿನ ತುದಿಯಿಂದ ಪಿಸ್ಟನ್ನನ್ನು ಎಳ್ಳಿನಷ್ಟು ಎತ್ತಿ ತೋರಿಸಿದರು. ಎತ್ತಿದಾಗ ಇಂಜಿನ್ ಓಟ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ಸೊರಗಿ ಆರಿದರೆ ಕಡಿಮೆ. ತುಸು ಏರಿ ತನ್ನ ಜಾಗಕ್ಕೆ ಮರಳಿದರೆ ಹದ. ಪಾಕಕ್ಕೆ ಬೆರಳು ಅದ್ದಿ ಎಳೆ ನೋಡುವ ನನ್ನ ಅಜ್ಜಿ ನೆನಪಾದರು.

ನೆಲಮಂಗಲದ ಆಚೆ ಹೋಗಿ ಬಂದು ಕುತ್ತಿಗೆಯವರೆಗೆ ತುಂಬಿಸಿದಾಗ ಲೆಕ್ಕ ಲೀಟರಿಗೆ ಎಂಟೂವರೆ. ಮಿಕ್ಕ ಅರ್ಧ ಕಿಲೋಮೀಟರಿಗೆ ಉಸ್ತಾದರು ಜವಾಬ್ದಾರರಲ್ಲ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಅದರ ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ; ಅದಕ್ಕೆಂದು ರೂಪಿಸದ ಕಾರುಗಳಲ್ಲಿ ನೂರಕ್ಕೆ ಆರೇಳರಷ್ಟು ಮೈಲೇಜ್ ಇಳಿಯುತ್ತದೆಂದು ನೀತಿ ಆಯೋಗದ ವರದಿಯೇ ಹೇಳಿದೆ. ಹಳೇ ರಬ್ಬರ್ ಪೈಪುಗಳನ್ನು ಅದು ತಿನ್ನುತ್ತದೆ ಕೂಡ. 50 ವರ್ಷ ದಾಟಿದ ಗಾಡಿಗಳಿಗೆ ಸರ್ಕಾರ 2021ರಲ್ಲಿ ಪ್ರತ್ಯೇಕ ನೋಂದಣಿಯ ದಾರಿ ಮಾಡಿಕೊಟ್ಟಿತು, ಒಳ್ಳೆಯದೇ. ಆ ಗಾಡಿಗಳನ್ನು ಬಲ್ಲ ಕೈಗಳಿಗೂ ಒಂದು ದಾರಿ ಬೇಕಿತ್ತು. ಐ.ಟಿ.ಐ.ಯ ಹತ್ತು ಹುಡುಗರನ್ನು ವಾರಕ್ಕೊಂದು ದಿನ ಈ ಶೆಡ್ಡಿಗೆ ಕಳಿಸಿದರೆ ಸಾಕು, ಹೆಚ್ಚೇನೂ ಖರ್ಚಿಲ್ಲ.

ಶೆಡ್ಡಿನಲ್ಲಿ ಈಗ ಇರುವವನು ಒಬ್ಬನೇ ಹುಡುಗ, ಅದೂ ಮೊಮ್ಮಗ, ರಜೆಯಲ್ಲಿ ಮಾತ್ರ. 2020ರ ಬಿ.ಎಸ್‌. 6 ನಿಯಮ ಬಂದ ಮೇಲೆ ಹೊಸ ಬೈಕುಗಳಿಂದಲೂ ಕಾರ್ಬೊರೇಟರ್ ಬಹುಮಟ್ಟಿಗೆ ಮರೆಯಾಯಿತು. ಕಲಿತು ಏನು ಮಾಡಲಿ ಎಂದು ಅವನು ಕೇಳಿದರೆ ತಾತನ ಬಳಿ ಉತ್ತರವಿಲ್ಲ.

ಸಂಜೆ ಗೆಳೆಯ ಗಾಡಿ ತೆಗೆದುಕೊಂಡು ಹೊರಟ. ಉಸ್ತಾದರು ಗಲ್ಲಿಯ ತುದಿಯವರೆಗೆ ಬಂದು ನಿಂತರು. ಟಿ.ಡಿ. ಜೆ.ಸಿ. ರಸ್ತೆಯ ಬಸ್ಸು, ಆಟೋಗಳ ನಡುವೆ ಸೇರಿಹೋಯಿತು. ಅವರು ತಲೆ ವಾಲಿಸಿಕೊಂಡು ನಿಂತೇ ಇದ್ದರು.

"ಮೂರಕ್ಕೆ ಹಾಕಿದ್ರು," ಎಂದರು ಸ್ವಲ್ಪ ಹೊತ್ತಿನ ಮೇಲೆ.

ನನಗೆ ಕೇಳಿಸುತ್ತಿದ್ದದ್ದು ಹಾರ್ನುಗಳು ಮಾತ್ರ.